ಜೀರಿಗೆಯಷ್ಟು ಒಂದು ಚಿಪ್ಪು

ರಜೆ ಮುಗಿಸಿ ಊರಿನಿಂದ ಬಂದ ಮರುದಿನವೇ ಕೆಲಸಕ್ಕೆ ಹೊರಟೆ. ಸೂಟ್‌ಕೇಸಿನೊಳಗಿನ ಹಪ್ಪಳ, ಕುಚ್ಚಲಕ್ಕಿ ಇನ್ನೂ ಹೊರಗೆ ಬಂದಿರಲಿಲ್ಲ. ಅಬುಧಾಬಿಯ ಬಸ್ಸುಗಳಿಗೆ ಆಗಷ್ಟೇ ಕಾರ್ಡು ಬಂದಿತ್ತು. ಖಾಲಿದಿಯಾದ ನಮ್ಮ ಮನೆಯಿಂದ ಖಲೀಫಾ ಸಿಟಿಗೆ ಹೋಗುವಷ್ಟರಲ್ಲಿ ಸೀರೆಯ ಸೆರಗು ಬೆವರಿಗೆ ಒದ್ದೆಯಾಗಿ, ಬಸ್ಸಿನ ಏಸಿಗೆ ಒಣಗಿ, ನಿಲ್ದಾಣದಿಂದ ವಿಲ್ಲಾದವರೆಗೆ ನಡೆಯುವಾಗ ಮತ್ತೆ ಒದ್ದೆಯಾಯಿತು. ಸೆಪ್ಟೆಂಬರ್ ಎಂದರೆ ಅಲ್ಲಿ ಸೆಕೆ ಇಳಿಯುವ ತಿಂಗಳಲ್ಲ. ಗಾಳಿಯಲ್ಲಿ ನೀರು ತುಂಬಿಕೊಂಡು ಕನ್ನಡಕ ಮಬ್ಬಾಗುವ ತಿಂಗಳು.

ಆ ವಿಲ್ಲಾದಲ್ಲಿ ಒಬ್ಬ ಫ್ರೆಂಚ್ ನಿಸರ್ಗತಜ್ಞರಿದ್ದರು. ಕಾಂಪೌಂಡಿನವರೆಲ್ಲ ಅವರನ್ನು ಮೊಸ್ಯೂ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ‘ಯಜಮಾನರೇ’ ಎಂದ ಹಾಗೆ. ನಾನೂ ಹಾಗೆಯೇ ಕರೆಯುತ್ತಿದ್ದೆ. ಕಡಲಿನ ಚಿಪ್ಪು, ಶಂಖ, ಕವಡೆ ಹುಡುಕಿ ತಂದು, ಗುರುತಿಸಿ, ಜೋಡಿಸಿಡುವುದೇ ಅವರ ಜೀವಮಾನದ ಕೆಲಸ. ಅವರ ಕೈಬರಹದ ಚೀಟಿಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವರದ್ದು ಫ್ರೆಂಚ್ ಇಂಗ್ಲಿಷು, ನನ್ನದು ಮಲ್ಪೆಯ ಇಂಗ್ಲಿಷು. ಇಲ್ಲಿ ಅವರ ಮಾತನ್ನೂ ನನ್ನ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಚಿಪ್ಪುಗಳೆಲ್ಲ ಇದ್ದದ್ದು ಒಂದು ದೊಡ್ಡ ಓಕ್ ಮರದ ಬೀರುವಿನಲ್ಲಿ. ಅವರ ತಂದೆ ಔಷಧದ ಅಂಗಡಿ ಇಟ್ಟಿದ್ದರಂತೆ. ಆ ಅಂಗಡಿಯ ಬೀರು ಅದು. ಅಗಲ ಕಡಿಮೆಯ, ಹಿತ್ತಾಳೆ ಹಿಡಿಯ ಸಾಲು ಸಾಲು ಖಾನೆಗಳು. ಓಕ್ ಮರ ಚಿಪ್ಪಿಗೆ ಆಗುವುದಿಲ್ಲ ಎಂದು ನನಗೆ ಮೊದಲು ಹೇಳಿದವರೂ ಮೊಸ್ಯೂ ಅವರೇ. ಮರ ಉಸಿರಾಡಿದ ಹಾಗೆ ಸಣ್ಣಗೆ ಹುಳಿ ಆವಿ ಬಿಡುತ್ತದೆ, ಸೆಕೆ ಮತ್ತು ತೇವ ಸೇರಿದರೆ ಆ ಹುಳಿ ಚಿಪ್ಪನ್ನು ತಿನ್ನುತ್ತದೆ. ಬೇರೆಯವರ ಮನೆಯಲ್ಲಿ ಮರದ ಖಾನೆ ಕಂಡರೆ ಅವರು ಬೈದೇ ಬರುತ್ತಿದ್ದರು. ತಮ್ಮ ಮನೆಯಲ್ಲಿ ಮಾತ್ರ ವರ್ಷವಿಡೀ ಏಸಿ, ಅದರ ಜೊತೆ ತೇವ ಹೀರುವ ಒಂದು ಯಂತ್ರ ಇಟ್ಟು ಆ ಬೀರುವನ್ನು ಸಾಕುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದ್ದೆ. “ಇಷ್ಟು ವರ್ಷ ಅದು ಸುಮ್ಮನೆ ಇದೆಯಲ್ಲ” ಎಂದಿದ್ದರು. ಸಿಟ್ಟಿನ ನಾಯಿಯ ಯಜಮಾನ ಹೇಳುವ ಹಾಗೆ.

ಆ ಬೇಸಿಗೆ ಮೊಸ್ಯೂ ಚಿಕಿತ್ಸೆಗೆಂದು ತಮ್ಮ ದೇಶಕ್ಕೆ ಹೋಗಿದ್ದರು. ಅವರ ಕೈ ನಡುಗುವ ಕಾಯಿಲೆ ಹೆಚ್ಚಾಗಿತ್ತು. ನಾನು ಊರಿಗೆ ಹೋಗಿದ್ದೆ. ಗಲ್ಫಿನಲ್ಲಿ ಜುಲೈ, ಆಗಸ್ಟ್ ಎಂದರೆ ಎಲ್ಲರೂ ಎಲ್ಲಿಗೋ ಹೋಗುವ ಕಾಲ. ಏಸಿ ಹಾಕಿಯೇ ಹೋಗಿದ್ದೆವು. ನಡುವೆ ಕಾಂಪೌಂಡಿನ ಕರೆಂಟಿಗೆ ಏನೋ ರಿಪೇರಿಯಾಗಿ, ಎಲ್ಲ ಮನೆಗೂ ಕರೆಂಟು ಮರಳಿ ಬಂದಿತ್ತು. ಈ ಮನೆಯೊಳಗಿನ ಮೇನ್ ಸ್ವಿಚ್ಚು ಮಾತ್ರ ಬಿದ್ದುಕೊಂಡೇ ಇತ್ತು. ಬೀಗ ಹಾಕಿದ ಮನೆ, ಯಾರಿಗೂ ಗೊತ್ತಾಗಲಿಲ್ಲ.

ಬಾಗಿಲು ತೆರೆದಾಗ ಮೂಗಿಗೆ ಬಡಿದದ್ದು ಹುಳಿ ವಾಸನೆ. ಮಾವಿನಮಿಡಿಯ ಭರಣಿ ಕೆಟ್ಟಾಗ ಬರುತ್ತದಲ್ಲ, ಅಂಥದ್ದು. ಮೊದಲು ಅಡುಗೆಮನೆಗೆ ಹೋಗಿ ಫ್ರಿಜ್ ನೋಡಿದೆ. ಅಲ್ಲಿ ವಾಸನೆ ಬೇರೆಯೇ ಇತ್ತು. ಆಮೇಲೆ ಬೀರುವಿನ ಕೋಣೆಗೆ ಬಂದು ಒಂದು ಖಾನೆ ಎಳೆದೆ. ಕಂದು ಬಣ್ಣದ, ಹೊಳೆಯುವ ಕವಡೆಗಳಿದ್ದ ಖಾನೆ ಅದು. ಎಲ್ಲದರ ಮೇಲೂ ಬೂಷ್ಟು ಹಿಡಿದ ಹಾಗೆ ಬಿಳಿ ಪುಡಿ. ಬೆರಳಿನಿಂದ ಮುಟ್ಟಿದರೆ ಹೊಳಪು ಪುಡಿಯ ಜೊತೆಗೇ ಬೆರಳಿಗೆ ಬಂತು. ನಮ್ಮ ಕಡೆ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ನೋಡಿ ಬೆಳೆದವಳು ನಾನು. ಅದಕ್ಕೆ ಗೂಡು ಬೇಕು, ಇದ್ದಿಲು ಬೇಕು, ಬೆಂಕಿ ಬೇಕು. ಇಲ್ಲಿ ಅದ್ಯಾವುದೂ ಇಲ್ಲದೆ ಅದೇ ಕೆಲಸ ನಡೆದಿತ್ತು.

ಮೊಸ್ಯೂ ಅದೇ ವಾರ ಬಂದರು. ನಾನು ಫೋನಿನಲ್ಲಿಯೇ ಹೇಳಿದ್ದೆ. ಬಂದವರು ಬ್ಯಾಗು ಕೆಳಗಿಟ್ಟು, ಒಂದೊಂದೇ ಖಾನೆ ಎಳೆದು ನೋಡಿ, ಹಾಗೆಯೇ ಮುಚ್ಚುತ್ತ ಹೋದರು. ಕೊನೆಯ ಖಾನೆ ಮುಚ್ಚಿ, ಕಾಫಿ ಇದೆಯೇ ಎಂದು ಕೇಳಿದರು.

ಕಾಫಿ ಕುಡಿಯುತ್ತ ಇನ್ನೊಂದು ವಿಷಯ ಹೇಳಿದರು. ಅವರ ವೀಸಾ ಕೊಟ್ಟಿದ್ದ ಸಂಸ್ಥೆ ಅದನ್ನು ರದ್ದು ಮಾಡುತ್ತಿತ್ತು. ವಯಸ್ಸಾಯಿತು, ಕಾಯಿಲೆಯೂ ಬಂತು. ಮನೆಯ ಕರಾರೂ ಆ ಹೊತ್ತಿಗೆ ಮುಗಿಯುತ್ತಿತ್ತು. ಅವರು ಹೋಗಿ ತಂಗಿಯ ಊರಿನ ವೃದ್ಧರ ಮನೆ ಸೇರುವುದು, ಚಿಪ್ಪುಗಳನ್ನು ಅಲ್ಲಿಯ ಒಂದು ಮ್ಯೂಸಿಯಂ ತೆಗೆದುಕೊಳ್ಳುವುದು ಎಂದು ನಿಶ್ಚಯವಾಗಿತ್ತು. ಆದರೆ ಮ್ಯೂಸಿಯಂನವರು ಹುಳಿ ತಿನ್ನುತ್ತಿರುವ ಚಿಪ್ಪನ್ನು, ಚೀಟಿ ಇಲ್ಲದ ಚಿಪ್ಪನ್ನು ಒಳಗೆ ಬಿಡುವುದಿಲ್ಲ. ಅಂದರೆ ಒಂದು ತಿಂಗಳೊಳಗೆ ಎಲ್ಲವನ್ನೂ ತೊಳೆದು, ಒಣಗಿಸಿ, ಪ್ಲಾಸ್ಟಿಕ್ಕಿಗೆ ಹಾಕಿ, ಚೀಟಿಯ ಸಮೇತ ಕಟ್ಟಬೇಕು. ಆಗದಿದ್ದರೆ ಉಳಿದದ್ದೆಲ್ಲ ಬೀರುವಿನ ಜೊತೆ ಕಸಕ್ಕೆ.

ತೊಳೆಯುವುದು ಕೇಳಲಿಕ್ಕೆ ಸುಲಭ. ಬಿಳಿ ಪುಡಿ ನೀರಿನಲ್ಲಿ ಕರಗುತ್ತದೆ; ಚಿಪ್ಪನ್ನು ಶುದ್ಧ ನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಮತ್ತೆ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ಸಂದುಗಳನ್ನು ತೀಡಿ, ನೆರಳಿನಲ್ಲಿ ಒಣಗಿಸಬೇಕು. ಕಷ್ಟ ಇರುವುದು ಚೀಟಿಯಲ್ಲಿ. ಪ್ರತಿ ಚಿಪ್ಪಿಗೂ ಒಂದು ಚೀಟಿ: ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾವತ್ತು, ಯಾರ ಕೈಗೆ. ಚೀಟಿ ನೆನೆಯಬಾರದು, ಚಿಪ್ಪಿನಿಂದ ಅಗಲಲೂಬಾರದು. ಚಿಪ್ಪಿನ ಮೈಮೇಲೆ ಬರೆದಿದ್ದ ಸಣ್ಣ ಗುರುತುಗಳು ಹೊಳಪಿನ ಜೊತೆಗೇ ಹೋಗಿದ್ದವು. ಒಂದು ಬೋಗುಣಿಯಲ್ಲಿ ಒಂದೇ ಚಿಪ್ಪು ಎಂದರು ಮೊಸ್ಯೂ. ಹಾಗೆ ಮಾಡಿದರೆ ನನ್ನ ಮಗಳ ಮದುವೆಯ ಹೊತ್ತಿಗೂ ಮುಗಿಯದು ಅನ್ನಿಸಿತು.

ಮರುದಿನ ನಾನು ಮನೆಯಿಂದ ಇಡ್ಲಿ ಸ್ಟ್ಯಾಂಡು ತೆಗೆದುಕೊಂಡು ಹೊರಟೆ. ನಡುವೆ ಕಂಬಿ ಇರುವ, ಒಂದರ ಮೇಲೊಂದು ತಟ್ಟೆ ಕೂರುವ ಸ್ಟೀಲಿನದ್ದು. ಕೆಳಗಿನ ತಟ್ಟೆಯ ಕುಳಿಯಲ್ಲಿ ಚಿಪ್ಪು, ಅದರ ಮೇಲಿನ ತಟ್ಟೆಯ ಅದೇ ಕುಳಿಯಲ್ಲಿ ಅದರ ಚೀಟಿ. ತೂತುಗಳಿಂದ ನೀರು ಕೆಳಗೆ ಬಸಿಯುತ್ತದೆ, ಮೇಲಿರುವ ಚೀಟಿ ಒಣಗಿಯೇ ಇರುತ್ತದೆ. ನಮ್ಮ ಮನೆಯ ಯಜಮಾನರು, ನನ್ನ ಗಂಡ, ಬಾಗಿಲಲ್ಲಿ ತಡೆದು ನಿಂತರು.

“ಎಂತದು ಮಾರಾಯ್ತಿ, ಆಫೀಸಿಗೆ ಇಡ್ಲಿ ಅಟ್ಟಲಿಕ್ಕೆ ಹೋಗುದಾ?”

“ಚಿಪ್ಪು ತೊಳೀಲಿಕ್ಕೆ.”

“ತಿನ್ನುವ ಮರುವಾಯಿ ಚಿಪ್ಪಾದ್ರೆ ಸುಕ್ಕ ಮಾಡಿ ತಾ. ಇಲ್ಲದಿದ್ರೆ ಆ ತಟ್ಟೆ ವಾಪಸ್ ಈ ಮನೆಗೆ ಬರುದು ಬೇಡ.”

ಮಗಳು ಮೊಬೈಲಿನಿಂದ ತಲೆಯೆತ್ತದೆ, “ಮಮ್ಮಿ, ದಟ್ಸ್ ಸೋ ಗ್ರಾಸ್” ಎಂದಳು. ಆ ತಟ್ಟೆಗಳು ಆಮೇಲೆ ನಿಜವಾಗಿಯೂ ಅಡುಗೆಗೆ ಬರಲಿಲ್ಲ.

ಮೊಸ್ಯೂ ಆ ಸ್ಟ್ಯಾಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟು ವರ್ಷ ಹಡಗಿನಲ್ಲಿ ಸುತ್ತಿದ್ದೇನೆ, ಇಂಥದ್ದೊಂದು ನನ್ನ ಹತ್ತಿರ ಇರಲಿಲ್ಲವಲ್ಲ ಎಂದು ಬೇಸರಪಟ್ಟುಕೊಂಡರು. ಆ ತಿಂಗಳಲ್ಲಿ ಅವರ ಮುಖ ಸ್ವಲ್ಪ ಅರಳಿದ್ದು ಅವತ್ತೊಂದೇ ದಿನ ಇರಬೇಕು.

ಕೆಲಸ ಒಂದು ಹದಕ್ಕೆ ಬಂತು. ನಾನು ತೊಳೆಯುವುದು, ಅವರು ಕುರ್ಚಿಯಲ್ಲಿ ಕೂತು ಚೀಟಿ ಓದುವುದು. ಅವರ ಬದುಕು ನನಗೆ ಗೊತ್ತಾದದ್ದು ಹೀಗೆ, ಖಾನೆ ಖಾನೆಯಾಗಿ. ಒಂದು ಖಾನೆ ಮಡಗಾಸ್ಕರ್: ಅಲ್ಲಿ ಮಲೇರಿಯಾ ಬಂದು, ಜ್ವರದಲ್ಲಿಯೇ ಶಂಖ ಬೇಯಿಸಿ ಒಳಗಿನ ಮಾಂಸ ತೆಗೆದಿದ್ದರು. ಒಂದು ಖಾನೆ ಜಿಬೂಟಿ. ಒಂದು ಒಮಾನಿನ ಕರಾವಳಿ: ಅಲ್ಲಿ ರಸ್ತೆಯೇ ಇಲ್ಲದ ಕಾಲದಲ್ಲಿ ಮೀನುಗಾರರ ದೋಣಿಯಲ್ಲಿ ಮಲಗುತ್ತ ಹೋದದ್ದು. ಹೆಂಡತಿ ಬಿಟ್ಟುಹೋದ ಸುದ್ದಿ ಬಂದ ದಿನ ಸಿಕ್ಕಿದ ಚಿಪ್ಪಿನ ಚೀಟಿಯಲ್ಲಿಯೂ ಊರು, ಆಳ, ದಿನ ಅಷ್ಟೇ ಇತ್ತು. ಓದಿ ಮುಗಿಸಿ ಅವರು ಅದನ್ನು ತಟ್ಟೆಯ ಕುಳಿಗೆ ಹಾಕಿದರು. ನಾನು ಮುಂದಿನದ್ದನ್ನು ನೀರಿಗೆ ಬಿಟ್ಟೆ.

ಎರಡನೇ ವಾರದಲ್ಲಿ ಒಂದು ಎಡವಟ್ಟಾಯಿತು. ನಾನು ಒಳಗೆ ನೀರು ಬದಲಿಸುತ್ತಿದ್ದೆ. ಮೊಸ್ಯೂ ಸ್ಟ್ಯಾಂಡನ್ನು ಕಿಟಕಿಯ ಹತ್ತಿರ ಇಡೋಣವೆಂದು ಕಂಬಿಯಲ್ಲಿ ಹಿಡಿದೆತ್ತಿದರು. ಕೈ ನಡುಗಿತು. ಇಡ್ಲಿ ತಟ್ಟೆ ಕಂಬಿಯ ಸುತ್ತ ತಿರುಗುತ್ತದೆ. ಅಟ್ಟುವಾಗ ಅದರಿಂದ ಏನೂ ತೊಂದರೆಯಿಲ್ಲ. ಇಲ್ಲಿ ಯಾವ ಚಿಪ್ಪಿಗೆ ಯಾವ ಚೀಟಿ ಎಂಬುದು ಆ ಒಂದು ಸುತ್ತಿನಲ್ಲಿ ಅಳಿಸಿಹೋಯಿತು. ನಾನು ಬರುವಾಗ ಅವರು ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟು, ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು.

ಕೂತು ಒಂದೊಂದನ್ನೇ ಹೊಂದಿಸಿದರು. ಹೆಚ್ಚಿನವು ಅವರಿಗೆ ಕಣ್ಣಿನಲ್ಲೇ ಗುರುತು. ಕೊನೆಗೆ ಉಳಿದದ್ದು ಮೂರು ಚಿಪ್ಪು, ಮೂರು ಚೀಟಿ. ನಮ್ಮ ಮರುವಾಯಿಯ ಹಾಗೆಯೇ ಇದ್ದವು, ಒಂದಕ್ಕೊಂದು ಅವಳಿ; ಸಿಕ್ಕಿದ್ದು ಮಾತ್ರ ಮೂರು ಬೇರೆ ಬೇರೆ ಕಡಲಲ್ಲಿ. ಅವರು ಲೆನ್ಸಿನಲ್ಲಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಚಿಪ್ಪುಗಳನ್ನು ಎತ್ತಿ ಹಿಂದಿನ ಬಾಗಿಲಿಗೆ ಹೋಗಿ, ಬೋಗನ್‌ವಿಲ್ಲಾದ ಬುಡಕ್ಕೆ ಎಸೆದು ಬಂದರು.

ಇಷ್ಟು ಚಂದದ ಚಿಪ್ಪು, ಅಂದಾಜಿಗೆ ಒಂದು ಚೀಟಿ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೆ ನಾನು.

“ಯಾರಿಗೂ ಇಲ್ಲ. ಅದೇ ತೊಂದರೆ. ಇನ್ನು ಮುಂದೆ ಅದು ಬರೀ ಚಿಪ್ಪು” ಎಂದರು. ಮೂರು ಚೀಟಿಗಳನ್ನು ಮಾತ್ರ ಒಂದು ಲಕೋಟೆಯಲ್ಲಿ ತೆಗೆದಿಟ್ಟರು.

ಮರುದಿನ ನಾನು ಮಗಳ ನೈಲ್ ಪಾಲಿಶ್ ತಂದು, ತಟ್ಟೆ ತಿರುಗಿದರೂ ಮತ್ತೆ ಹೊಂದಿಸಲಿಕ್ಕೆಂದು ಪ್ರತಿ ತಟ್ಟೆಯ ಒಂದೊಂದು ಕುಳಿಗೆ ಕೆಂಪು ಚುಕ್ಕೆ ಇಟ್ಟೆ. ಅಲ್ಲಿಂದ ಮುಂದೆ ಸ್ಟ್ಯಾಂಡು ಎತ್ತುವುದು ನಾನೇ ಎಂದಾಯಿತು. ಅವರೇ ಹಾಗೆ ಹೇಳಿದರು.

ದೊಡ್ಡವು ಮುಗಿಯುತ್ತ ಬಂದಂತೆ ಅವರ ಮಾತು ಕಡಿಮೆಯಾಯಿತು. ಬೀರುವಿನ ಕೆಳಗಿನ ಖಾನೆಯೊಂದನ್ನು ಅವರು ತೆಗೆಯಲು ಬಿಡುತ್ತಿರಲಿಲ್ಲ. ಆಮೇಲೆ, ಆಮೇಲೆ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ನಾನು ಬರುವಾಗ ಅದನ್ನು ಅವರೇ ತೆಗೆದು ಮೇಜಿನ ಮೇಲಿಟ್ಟಿದ್ದರು. ಅದರಲ್ಲಿ ಗಾಜಿನ ಸಣ್ಣ ಕೊಳವೆಗಳು. ಒಂದರಲ್ಲಿ ಹತ್ತಿ, ಹತ್ತಿಯ ಮೇಲೆ ಜೀರಿಗೆ ಕಾಳಿನಷ್ಟು ಏನೋ ಬಿಳಿ. ಅದೂ ಒಂದು ಶಂಖ. ಲೆನ್ಸಿನಲ್ಲಿ ನೋಡಿದರೆ ಸುರುಳಿ ಕಾಣುತ್ತಿತ್ತು, ಸುರುಳಿಯ ಮೇಲೆಲ್ಲ ಆ ಪುಡಿ. ಕೊಳವೆಯ ಬಿರಡೆ ಕೂಡ ಮರದ ತೊಗಟೆಯದ್ದೇ, ಅದೂ ಹುಳಿ ಬಿಡುವಂಥದ್ದು.

ಲೋಕಕ್ಕೆ ಗೊತ್ತಿಲ್ಲದ ಒಂದು ಜಾತಿಗೆ ಹೆಸರಿಡುವಾಗ ಒಂದು ಚಿಪ್ಪನ್ನು ಆರಿಸಿ, ಈ ಹೆಸರು ಇದಕ್ಕೆ ಸೇರಿದ್ದು ಎಂದು ಬರೆದಿಡುತ್ತಾರಂತೆ. ಮುಂದೆ ಯಾರಿಗೆ ಸಂಶಯ ಬಂದರೂ ಆ ಒಂದನ್ನೇ ನೋಡಬೇಕು. ಇದು ಅಂಥ ಮೂಲ ಚಿಪ್ಪು. ಮೊಸ್ಯೂ ಹೆಸರಿಟ್ಟದ್ದು ಒಂದೇ ಒಂದು ಜಾತಿಗೆ, ಆ ಜಾತಿಯದ್ದು ಅವರಿಗೆ ಸಿಕ್ಕಿದ್ದೂ ಒಂದೇ. ದುಬೈಯ ಪಕ್ಕ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿದ್ದ ಒಂದು ಕೆಸರಿನ ಅಳಿವೆಯಲ್ಲಿ. ಪುಸ್ತಕದಲ್ಲಿ ಅದರ ಚಿತ್ರವಿತ್ತು. ಚಿತ್ರವನ್ನು ತಿರುಗಿಸಿ ಹಿಂದೆ ನೋಡಲಾಗುವುದಿಲ್ಲವಲ್ಲ ಎಂದರು.

ತೊಳೆದರೆ ಉಳಿಯಬಹುದು, ಒಡೆಯಲೂಬಹುದು. ತೊಳೆಯದಿದ್ದರೆ ದಾರಿಯುದ್ದಕ್ಕೂ ತನ್ನನ್ನು ತಾನೇ ತಿಂದುಕೊಂಡು ಹೋಗುತ್ತದೆ. ಮ್ಯೂಸಿಯಂನವರನ್ನು ಕೇಳಿದರೆ, ನಿರ್ಧಾರ ನಿಮ್ಮದು ಎಂಬ ಉತ್ತರ ಬಂತು. ಇನ್ನೊಂದು ಸಿಕ್ಕಿದರೆ ಧೈರ್ಯದಿಂದ ಇದನ್ನು ನೀರಿಗೆ ಹಾಕಬಹುದು ಎಂದು ಅವರಿಗೆ ಆಸೆ. ಆ ಶುಕ್ರವಾರ ಆ ಅಳಿವೆಗೆ ಹೋಗಲೆಂದು ನಮ್ಮ ಯಜಮಾನರು ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ನಾನು, ರವೆ ಜರಡಿ, ಚಟ್ನಿ ಡಬ್ಬಿ. ಶೇಖ್ ಜಾಯೆದ್ ರಸ್ತೆಯಲ್ಲಿ ಮೊಸ್ಯೂ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡೇ ಕೂತಿದ್ದರು.

ಅವರು ತೋರಿಸಿದ ಜಾಗದಲ್ಲಿ ಅಳಿವೆ ಇರಲಿಲ್ಲ. ಕಲ್ಲು ತುಂಬಿ, ಮರಳು ತುಂಬಿ, ಅದರ ಮೇಲೆ ಇಂಟರ್‌ಲಾಕ್ ಹಾಸಿದ ಕಾಲುದಾರಿ, ಕಾಫಿ ಅಂಗಡಿಗಳು, ಕಡಲು ಕಾಣುವ ಫ್ಲ್ಯಾಟುಗಳು. ಅಂಚಿನಲ್ಲಿ ಒಂದು ಚೊಕ್ಕ ಬೀಚು. ಬದಲಾಗಿದೆಯೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಇಳಿದು, ಪ್ಯಾಂಟು ಮಡಚಿ, ನೀರಿನಂಚಿನ ಮರಳನ್ನು ಹಿಡಿದು ಜರಡಿಗೆ ಹಾಕಿದರು. ನಾನು ಜಾಲಿಸಿದೆ. ಸಣ್ಣ ಸಣ್ಣ ಚಿಪ್ಪು ತುಂಬ ಸಿಕ್ಕಿದವು. ಒಂದನ್ನು ಅಂಗೈಯಲ್ಲಿಟ್ಟು ನೋಡಿ, “ಇದು ಇಲ್ಲಿಯದ್ದಲ್ಲ. ಆಳ ಕಡಲಿನದ್ದು. ಮರಳಿನ ಜೊತೆ ಹಡಗಿನಲ್ಲಿ ಬಂದಿದೆ” ಎಂದರು. ಇನ್ನೊಂದನ್ನು ನೋಡಿದರು. ಅದೂ ಹಾಗೆಯೇ.

ಸೆಕ್ಯುರಿಟಿಯವನು ಬಂದು, ಮರಳು ತೆಗೆಯುವ ಹಾಗಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಯಜಮಾನರು ಅವನ ಜೊತೆ ಏನೋ ಮಾತಾಡಿ ನಗಿಸಿದರು. ಕಾರಿನ ಹತ್ತಿರ ಬಂದು ನನ್ನ ಕಿವಿಯಲ್ಲಿ ತುಳುವಿನಲ್ಲಿ, ಪಾಪ, ಸಾಕು ಮಾಡಲು ಹೇಳು, ಬಿಸಿಲಿಗೆ ಬಿದ್ದರೆ ಕಷ್ಟ ಎಂದರು. ಹೇಳುವ ಅಗತ್ಯ ಬರಲಿಲ್ಲ. ಮೊಸ್ಯೂ ಜರಡಿಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ನನಗೆ ಕೊಟ್ಟರು.

ಭಾನುವಾರ, ವಾರದ ಮೊದಲ ಕೆಲಸದ ದಿನ, ಅವರು ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ದೊಡ್ಡ ಲೆನ್ಸನ್ನು ಅದರದೇ ಸ್ಟ್ಯಾಂಡಿಗೆ ಸಿಕ್ಕಿಸಿ ಕಾದಿದ್ದರು. ತೊಳೆಯುವುದು ಎಂದು ತೀರ್ಮಾನಿಸಿದ್ದರು. ತಮ್ಮ ಎರಡೂ ಕೈ ಮುಂದೆ ಚಾಚಿ, ಅವು ಅಲುಗುವುದನ್ನು ನನಗೆ ತೋರಿಸಿದರು.

ನನ್ನಿಂದ ಆಗದು ಎಂದೆ. ಮ್ಯೂಸಿಯಂನಿಂದ ಯಾರನ್ನಾದರೂ ಕರೆಸಬಹುದಲ್ಲ ಎಂದೆ. ಅಷ್ಟು ದಿನ ಅದಕ್ಕಿಲ್ಲ, ನನಗೂ ಇಲ್ಲ ಎಂದರು.

“ಕೈ ಮಾತ್ರ ನಿನ್ನದು. ಮಾಡುವವನು ನಾನು.”

ಕೊಳವೆಯ ಬಿರಡೆ ತೆಗೆದೆ. ಹುಳಿ ವಾಸನೆ ಅಷ್ಟು ಸಣ್ಣ ಜಾಗದಿಂದಲೂ ಬಂತು. ಹತ್ತಿಯ ಸಮೇತ ಚಿಮಟದಿಂದ ಹೊರತೆಗೆದು, ಔಷಧ ಕುಡಿಸುವ ಚಮಚದಲ್ಲಿ ಇಟ್ಟು, ಡ್ರಾಪರಿನಿಂದ ಒಂದು ಹನಿ ನೀರು ಬಿಟ್ಟೆ. ಹತ್ತಿ ತೇಲಿ ಬೇರೆಯಾಯಿತು. ಶಂಖ ತಳದಲ್ಲಿ ನಿಂತಿತು. ಇನ್ನೊಂದು ಹನಿ. ನೀರು ಸ್ವಲ್ಪ ಹಾಲಿನ ಬಣ್ಣಕ್ಕೆ ಬಂತು. ಇದು ಒಳ್ಳೆಯದೇ, ದೊಡ್ಡ ಚಿಪ್ಪುಗಳಲ್ಲಿಯೂ ಹೀಗೇ ಆಗಿತ್ತು. ಆ ನೀರನ್ನು ಹೀರಿ ತೆಗೆದು ಹೊಸ ನೀರು ಬಿಟ್ಟೆ. ಬ್ರಷ್ಷು ಮುಟ್ಟಿಸಲೇ ಇಲ್ಲ. ಅವರು ನನ್ನ ಭುಜದ ಮೇಲಿನಿಂದ ಲೆನ್ಸಿನಲ್ಲಿ ನೋಡುತ್ತಿದ್ದರು. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

ಅದು ಒಡೆಯಲಿಲ್ಲ. ಒಡೆದಿದ್ದರೆ ಚೂರುಗಳಾದರೂ ಇರುತ್ತಿದ್ದವು. ಬಿಳಿ ಕರಗುತ್ತ ಬಂತು, ಸುರುಳಿ ಮಸುಕಾಗುತ್ತ ಬಂತು. ಬಿಳಿಯೆಲ್ಲ ಹೋದ ಮೇಲೆ ಅದರ ಅಡಿಯಲ್ಲಿ ಏನೂ ಇರಲಿಲ್ಲ. ನಾವು ಶಂಖ ಎಂದು ನೋಡುತ್ತಿದ್ದದ್ದು, ಶಂಖದ ಆಕಾರದಲ್ಲಿ ನಿಂತಿದ್ದ ಪುಡಿಯನ್ನು. ಅದು ಹೋದದ್ದು ಅವತ್ತಲ್ಲ. ಬೀಗ ಹಾಕಿದ ಆ ಮನೆಯಲ್ಲಿ ಯಾವತ್ತೋ ಹೋಗಿತ್ತು.

ಚಮಚದಲ್ಲಿ ನೀರು ಮಾತ್ರ ಇತ್ತು. ಮೊಸ್ಯೂ ಲೆನ್ಸನ್ನು ಸರಿಸಿ ಬರಿಗಣ್ಣಿನಿಂದ ನೋಡಿದರು, ಮತ್ತೆ ಲೆನ್ಸಿನಿಂದ ನೋಡಿದರು. ನಾನು ಚಮಚ ಹಿಡಿದುಕೊಂಡೇ ಇದ್ದೆ. ಕೆಳಗಿಟ್ಟರೆ ಮುಗಿಯಿತು ಎಂದಾಗುತ್ತದೆ ಅನ್ನಿಸಿ ಇಡಲಾಗಲಿಲ್ಲ. ಅವರೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ನಡುಗುವ ಕೈಯಲ್ಲಿ ನೀರು ಕಪ್ಪು ಬಟ್ಟೆಯ ಮೇಲೆ ಚೆಲ್ಲಿತು.

ಆಮೇಲೆ ಅವರು ಆ ಶಂಖದ ಚೀಟಿ ತೆಗೆದು, ಪೆನ್ನು ಹುಡುಕಿ, ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದು ಬರೆದರು. ಬಹಳ ಹೊತ್ತು ಹಿಡಿಯಿತು. ಹಳೆಯ ಸಾಲುಗಳು ಮುತ್ತು ಪೋಣಿಸಿದ ಹಾಗಿದ್ದವು. ಕೆಳಗಿನ ಹೊಸ ಸಾಲು ಇರುವೆ ಹರಿದ ಹಾಗೆ ಓರೆಯಾಗಿ ಹೋಯಿತು. ‘ತೊಳೆಯುವಾಗ ನಾಶವಾಯಿತು’ ಎಂದು, ಅಂದಿನ ದಿನ, ಅದರ ಮುಂದೆ ಯಾರ ಕೈಯಲ್ಲಿ ಎಂಬ ಜಾಗದಲ್ಲಿ ಅವರದೇ ಹೆಸರು. ನಾನು ಏನೋ ಹೇಳಲು ಹೋದೆ. ಅವರು ತಲೆಯಲ್ಲಾಡಿಸಿ, ಹೊಸ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೊಡುವಂತೆ ಕೈಚಾಚಿದರು. ಚೀಟಿಯನ್ನು ಸುರುಳಿ ಸುತ್ತಿ ಅದರೊಳಗೆ ಹಾಕಿ, ಮುಚ್ಚಳ ಒತ್ತಿದರು. ಮುಚ್ಚಳ ಕೂರಲಿಲ್ಲ. ಅಷ್ಟನ್ನು ನಾನು ಮಾಡಿಕೊಟ್ಟೆ.

ಉಳಿದ ಕೊಳವೆಗಳಲ್ಲಿ ಕೆಲವು ಉಳಿದವು, ಕೆಲವು ಉಳಿಯಲಿಲ್ಲ. ಪ್ರತಿಯೊಂದಕ್ಕೂ ಅದೇ ಕ್ರಮ. ಓಕ್ ಬೀರುವನ್ನು ಕಾಂಪೌಂಡಿನ ಹೊರಗೆ ಕಸದ ತೊಟ್ಟಿಯ ಪಕ್ಕ ಇಟ್ಟೆವು. ಮರುದಿನ ಅದು ಅಲ್ಲಿರಲಿಲ್ಲ. ಯಾರದೋ ಮನೆಯಲ್ಲಿ ಬಟ್ಟೆಬರೆ ತುಂಬಿಕೊಂಡು ಈಗಲೂ ಇದ್ದೀತು.

ಪ್ಯಾಕಿಂಗಿಗೆ ಬಂದವನು ಉಳ್ಳಾಲದ ಕಡೆಯ ಬ್ಯಾರಿ ಹುಡುಗ. ಹುಡುಗ ಎಂದರೂ ಮೂರು ಮಕ್ಕಳ ಅಪ್ಪ. ನನ್ನ ಮಾತು ಕೇಳಿದ ಕೂಡಲೇ ಊರು ಯಾವುದು ಅಕ್ಕ ಎಂದು ಶುರುಮಾಡಿ, ಕೈಗಿಂತ ಬಾಯಿಗೇ ಹೆಚ್ಚು ಕೆಲಸ ಕೊಡುತ್ತಿದ್ದ. ಮೊಸ್ಯೂ ಕೋಟು ಹಾಕಿಕೊಂಡು ಬರಿದಾದ ಗೋಡೆಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಬೀರು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆ ಇತ್ತು.

ಕೊಳವೆಗಳ ಸರದಿ ಬಂದಾಗ ಅವನು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ.

“ಅಕ್ಕ, ಇದರಲ್ಲಿ ಎಂತ ಇಲ್ಲ. ಮಾಫಿ. ಕಸಕ್ಕೆ ಹಾಕುದಾ?”

ಮೊಸ್ಯೂ ತಲೆಯೆತ್ತಿದರು. ಕನ್ನಡ ಅವರಿಗೆ ಗೊತ್ತಿರಲಿಲ್ಲ, ಅರಬಿಯಲ್ಲಿ ‘ಏನೂ ಇಲ್ಲ’ ಎನ್ನುವ ಮಾಫಿ ಗೊತ್ತಿತ್ತು.

“ಚೀಟಿ ಉಂಟಲ್ಲ ಒಳಗೆ” ಎಂದೆ.

“ಚೀಟಿ ಮಾತ್ರ?”

“ಚೀಟಿ ಮಾತ್ರ. ಬಾಕಿಯದ್ದರ ಹಾಗೆಯೇ ಸುತ್ತು.”

ಅವನು ನನ್ನನ್ನು ನೋಡಿದ, ಕುರ್ಚಿಯಲ್ಲಿದ್ದವರನ್ನು ನೋಡಿದ. ಗುಳ್ಳೆಯ ಪ್ಲಾಸ್ಟಿಕ್ಕನ್ನು ಕತ್ತರಿಸಿ, ಬೇರೆಯವಕ್ಕೆ ಎರಡು ಸುತ್ತು ಹಾಕುತ್ತಿದ್ದವನು ಅದಕ್ಕೆ ಮೂರು ಸುತ್ತು ಹಾಕಿ, ಪೆಟ್ಟಿಗೆಯ ನಡುಭಾಗದಲ್ಲಿ, ಯಾವ ಕಡೆಯಿಂದಲೂ ಪೆಟ್ಟು ತಾಗದಂತೆ ಇಟ್ಟ.